ನೆಗೆಣ್ಣಿಯ ಕೆಮ್ಮು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ನಾನು ಖಾನಾಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ವರ್ಷಕ್ಕೊಮ್ಮೆ ಚಾಕುವಿಗೆ ದಾಸವಾಳದ ಹೂ ತಿಕ್ಕಿ ನಿಂಬೆಹಣ್ಣು ಕೊಯ್ದು, ಸುರಿಯುವ ಕೆಂಪು ರಸ ತೋರಿಸಿ, "ಮಾಟ ಅಂದ್ರ ಇಷ್ಟ ನೋಡ್ರಿ" ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ನನಗೆ ಆದದ್ದನ್ನು ಯಾವ ಹೂವಿನ ರಸದಿಂದಲೂ ವಿವರಿಸಲಾರೆ.

ಅದನ್ನು ಹೇಳುವ ಮೊದಲು ನನ್ನ ಹೊಟ್ಟೆಕಿಚ್ಚನ್ನು ಹೇಳಿಬಿಡಬೇಕು. ಸವಿತಾ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ. ನಾನು ಆ ಮನೆಗೆ ಬಂದು ಎಂಟು ವರ್ಷದ ಮೇಲೆ ಬಂದವಳು. ಬಂದ ಆರು ತಿಂಗಳಲ್ಲಿ ಮನೆಯೆಲ್ಲ ಅವಳದಾಯಿತು. ಅತ್ತೆಗೆ ನಾನು ಎಂದಿಗೂ 'ಟೀಚರ', ಅವಳು 'ಸವಿ'. ನನಗೆ ಟೈಫಾಯಿಡ್ ಬಂದಾಗ ಮೂರನೇ ದಿನಕ್ಕೆ ಎದ್ದು ರೊಟ್ಟಿ ಬಡಿದಿದ್ದೆ, ಯಾರೂ ಬೇಡ ಅನ್ನಲಿಲ್ಲ. ಅವಳಿಗೆ ನೆಗಡಿಯಾದರೆ ಅತ್ತೆ ಶುಂಠಿ ಕಷಾಯ ಹಿಡಿದುಕೊಂಡು ಮಂಚದ ಹತ್ತಿರ ನಿಲ್ಲುತ್ತಿದ್ದರು. ಸವಿತಾಳ ತಪ್ಪು ಏನೂ ಇರಲಿಲ್ಲ. ಅವಳು ನನಗೆ ಎದುರು ಮಾತಾಡಿದವಳೂ ಅಲ್ಲ. ಅದರಿಂದ ನನ್ನ ಉರಿ ಮತ್ತಷ್ಟು ಹೆಚ್ಚುತ್ತಿತ್ತು.

ಒಂದು ಮುಂಜಾನೆ ಅವಳು ಬಚ್ಚಲಲ್ಲಿ ಕೆಮ್ಮಿ ಕೆಮ್ಮಿ ರಕ್ತ ಉಗುಳಿದಳು. ಅತ್ತೆ ಒಸಡಿನದಿರಬೇಕು ಎಂದರು, ಮೈದುನ ವಾಂತಿ ಎಂದ. ನಾನು ನೋಡಿದೆ. ಅಚ್ಚ ಕೆಂಪು, ನೊರೆ ನೊರೆಯಾಗಿತ್ತು. ಹೊಟ್ಟೆಯಿಂದ ಬಂದದ್ದಾದರೆ ಕಪ್ಪಾಗಿರುತ್ತದೆ, ಇದು ಎದೆಯಿಂದ ಬಂದದ್ದು ಎಂದು ನಾನೇ ಹೇಳಿದೆ. ಅತ್ತೆ ಕುಸಿದು ಕುಳಿತು "ಕ್ಷಯ ಬಂತಲ್ಲೋ ನನ್ನ ಕೂಸಿಗೆ" ಎಂದು ಅಳತೊಡಗಿದರು. ಊರಲ್ಲಿ ಎರಡು ಸಲ ಕಫ ಪರೀಕ್ಷೆ ಮಾಡಿದರೂ ಕ್ಷಯ ಸಿಗಲಿಲ್ಲ. ಬೆಳಗಾವಿಯ ದೊಡ್ಡ ದವಾಖಾನೆಗೆ ಕಳಿಸಿದರು.

ಅಲ್ಲಿನ ಡಾಕ್ಟರು ಸ್ಕ್ಯಾನಿನ ಚಿತ್ರ ಮುಂದಿಟ್ಟುಕೊಂಡು ಸಮಾಧಾನವಾಗಿ ತಿಳಿಸಿ ಹೇಳಿದರು. "ಕೆಮ್ಮಿದಾಗ ರಕ್ತ ಬಂದ್ರ ಎಲ್ಲಾ ಕ್ಷಯನೇ ಅಲ್ಲರೀ. ಸೋಂಕು ಇರಬಹುದು, ಗಡ್ಡಿ ಇರಬಹುದು, ಹೃದಯದ ತೊಂದ್ರಿ ಇರಬಹುದು. ಕಾರಣ ನೋಡಿ ಔಷಧ." ಸವಿತಾಳಿಗೆ ಚಿಕ್ಕಂದಿನಲ್ಲಿ ಜೋರಾದ ನ್ಯುಮೋನಿಯಾ ಆಗಿತ್ತಂತೆ. ಬಲ ಶ್ವಾಸಕೋಶದ ಒಂದು ಕಡೆ ಉಸಿರಿನ ನಾಳಗಳು ಹಿಗ್ಗಿ ಹಾಗೇ ಉಳಿದಿದ್ದವು. ಅಲ್ಲಿ ಕಫ ನಿಂತು, ಸೋಂಕಾಗಿ, ಪಕ್ಕದ ರಕ್ತನಾಳ ಒಡೆದಿತ್ತು. ಸೋಂಕಿಗೂ ರಕ್ತ ನಿಲ್ಲುವುದಕ್ಕೂ ಔಷಧ ಕೊಡುತ್ತೇವೆ, ರಕ್ತ ಹೆಚ್ಚಾದರೆ ತೊಡೆಸಂದಿಯಿಂದ ಸಣ್ಣ ನಳಿಗೆ ಹಾಯಿಸಿ ಆ ನಾಳವನ್ನೇ ಮುಚ್ಚುತ್ತೇವೆ ಎಂದರು. ಬಲಮಗ್ಗುಲಿಗೇ ಮಲಗಿಸಿರಿ, ಇಲ್ಲದಿದ್ದರೆ ರಕ್ತ ಒಳ್ಳೆಯ ಕಡೆಗೆ ಇಳಿಯುತ್ತದೆ ಎಂದೂ ಹೇಳಿದರು.

ಅವಳನ್ನು ಅಲ್ಲೇ ಇಟ್ಟುಕೊಂಡರು. ಅತ್ತೆ, ಮೈದುನ, ನನ್ನ ಗಂಡ ಮೂವರೂ ಬೆಳಗಾವಿಯಲ್ಲಿ ಉಳಿದರು. ನಾನು ಮನೆ ಕಾಯುವವಳು, ಡಬ್ಬಿ ಕಟ್ಟಿ ಕಳಿಸುವವಳು. ನಾಲ್ಕು ದಿನ ಮನೆಗೆ ಬಂದವರೆಲ್ಲ ಕೇಳಿದ್ದು ಅವಳನ್ನೇ. ಬಾಜೂ ಮನೆಯ ಮರಾಠಿ ಕಾಕೂ ದಿನಕ್ಕೆ ಮೂರು ಸಲ ಬಾಗಿಲಲ್ಲಿ ನಿಂತು "ಸವಿತಾ ಕಶೀ ಆಹೇ?" ಎಂದು ಅವಳು ಹೇಗಿದ್ದಾಳೆಂದೇ ಕೇಳುತ್ತಿದ್ದಳು. ಭಾನುವಾರ ಮುಂಜಾನೆ, ನಾನೂ ನೋಡಲು ಬರುತ್ತೇನೆ ಎಂದು ಫೋನ್ ಮಾಡಿದರೆ ಅತ್ತೆ, "ನೀ ಬಂದು ಏನ ಮಾಡ್ತಿ? ಸವಿಗೆ ಮೆತ್ತಗಿನ ರೊಟ್ಟಿ ಕಳಸು ಸಾಕು" ಎಂದು ಇಟ್ಟುಬಿಟ್ಟರು.

ಆ ಡಬ್ಬಿ ಕಳಿಸಿ, ಮಧ್ಯಾಹ್ನ ಮತ್ತೆ ಅವಳಿಗಾಗಿಯೇ ಹಿಟ್ಟು ನಾದುತ್ತ ನಿಂತಿದ್ದೆ. ಮೂರು ಗಂಟೆ ಆಗಿರಬೇಕು. ಮನೆಯಲ್ಲಿ ಯಾರೂ ಇರಲಿಲ್ಲ. ಎದೆಯಲ್ಲಿದ್ದದ್ದು ಬಾಯಿಗೆ ಬಂತು. "ಎಲ್ಲಾ ಅಕಿಗೇ. ಅಕಿಗೆ ಯಾಕ ಬರಬೇಕು ಅದು? ನನಗ ಬರಲಿ. ನನ್ನ ಕಡೆ ಯಾರರೆ ಒಬ್ಬರು ತಿರುಗಿ ನೋಡ್ತಾರಿಲ್ಲೋ ನೋಡೂಣು" ಎಂದು ಗಟ್ಟಿಯಾಗಿಯೇ ಅಂದೆ.

ಮಾತು ಮುಗಿಯುತ್ತಲೇ ಗಂಟಲಲ್ಲಿ ಏನೋ ಕಡಿದಂತಾಯಿತು. ಕೆಮ್ಮಿದೆ. ಬಾಯಿ ಬಿಸಿಯಾಗಿ ಉಪ್ಪುಪ್ಪಾಯಿತು. ಮೋರಿಗೆ ಬಗ್ಗಿ ಉಗುಳಿದರೆ ರಕ್ತ. ಅಚ್ಚ ಕೆಂಪು, ನೊರೆ ನೊರೆ. ಮತ್ತೆ ಬಂತು, ಮತ್ತೂ ಒಮ್ಮೆ ಬಂತು. ಟಾವೆಲ್ ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕುಳಿತೆ. ಹೆದರಿಕೆಯ ಜೊತೆಗೆ ಒಂದು ಗಳಿಗೆ ಸಂತೋಷವೂ ಆಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ತಿಳಿಯದು. ಆದರೆ ಆದದ್ದು ನಿಜ.

ಗಂಡನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ, "ಈಗ ಇಡು, ಸವಿತಾಗ ಜೋರ ರಕ್ತ ಬರಾಕತ್ತೈತಿ, ಒಳಗ ಒಯ್ಯಾಕತ್ತಾರ" ಎಂದು ಇಟ್ಟುಬಿಟ್ಟರು. ಅರ್ಧ ತಾಸಿನ ಮೇಲೆ ಅವರೇ ಮಾಡಿದರು. ನಾಳ ಮುಚ್ಚಲು ಎಲ್ಲ ಸಿದ್ಧ ಮಾಡುವಷ್ಟರಲ್ಲಿ ರಕ್ತ ತಾನಾಗಿ ನಿಂತಿತ್ತಂತೆ. ಆಗ ನನ್ನದನ್ನು ಹೇಳಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿತು. "ಈಗ ಇಕಿದೂ ಸುರು ಆತೇನು?"

ರಾತ್ರಿ ಗಂಡ ಬಂದು ಟಾವೆಲ್ ನೋಡಿ ಬೆಳ್ಳಗಾದರು. ಮರುದಿನ ಅದೇ ಡಾಕ್ಟರ ಹತ್ತಿರ ಕರೆದೊಯ್ದರು. ಕಫ, ಸ್ಕ್ಯಾನು, ಮೂಗಿನಿಂದ ನಳಿಗೆ ಇಳಿಸಿ ಒಳಗೆ ನೋಡುವುದು, ಎಲ್ಲವೂ ಆಯಿತು. ಬಲಗಡೆ ಹಸಿ ರಕ್ತದ ಗುರುತು ಇದೆ, ಆದರೆ ಗಾಯ ಎಲ್ಲೂ ಇಲ್ಲ ಎಂದರು ಡಾಕ್ಟರು. "ಹಿಂಗ ಆಗ್ತೈತ್ರೀ. ಎಲ್ಲಾ ಹುಡುಕಿದ್ರೂ ಕೆಲವರಿಗೆ ಕಾರಣ ಸಿಗೂದಿಲ್ಲ. ಭಾಳ ಮಂದಿಗೆ ತಾನ ನಿಲ್ಲತೈತಿ. ಆದ್ರ ಮತ್ತ ಬಂದ್ರ ತಡಾ ಮಾಡಬ್ಯಾಡ್ರಿ." ನನಗದು ಒಪ್ಪುವ ಮಾತೇ ಆಗಿತ್ತು. ಮನಸ್ಸು ಹಗುರಾಗಿ ಸವಿತಾಳನ್ನು ನೋಡಲು ವಾರ್ಡಿಗೆ ಹೋದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾರ, ನಿನ್ನೆ ನೀವು ಬರದಿದ್ರ ನಾ ಉಳೀತಿದ್ದಿಲ್ಲ" ಎಂದಳು.

"ನಿನ್ನೆ ನಾ ಬಂದಿಲ್ಲ ಸವಿತಾ. ಮನ್ಯಾಗ ಇದ್ದೆ."

"ಬಂದಿದ್ರಿ. ನನಗ ಉಸಿರು ಹಿಡಿದಿತ್ತು. ಬಾಜೂಕ ನಿಂತಿದ್ರಿ. ಕೈ ತುಂಬ ಹಿಟ್ಟು ಹತ್ತಿತ್ತು. ನನ್ನ ಕೈಯಾಗಿನ ರಕ್ತ ಉಗುಳೂ ಬಟ್ಟಲ ಕಸಗೊಂಡ್ರಿ. 'ಕೊಡಿಲ್ಲೆ, ಅದು ನಂದು' ಅಂದ್ರಿ. ಅಲ್ಲಿಗೆ ನಿಂತುಬಿಡ್ತು."

ಉಸಿರು ಸಾಲದಾದಾಗ ಮನುಷ್ಯರಿಗೆ ಇಲ್ಲದವರೆಲ್ಲ ಕಾಣಿಸುತ್ತಾರೆ ಎಂದು ನನಗೆ ಗೊತ್ತು. ಆದರೆ ಹಿಟ್ಟಿನ ಸಂಗತಿ ಹೇಗೆ ತಿಳಿಯಿತು? ಡಬ್ಬಿ ಮುಂಜಾನೆಯೇ ಹೋಗಿತ್ತು, ಮಧ್ಯಾಹ್ನ ನಾನು ಮತ್ತೆ ಹಿಟ್ಟು ನಾದುತ್ತಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲೂ ಹೇಳಿರಲಿಲ್ಲ.

ಮುಂದೆ ಎರಡು ದಿನಕ್ಕೆ, ಮತ್ತೆ ಒಡೆಯದಿರಲೆಂದು ಅವಳ ನಾಳ ಮುಚ್ಚಿದರು. ಈಗ ಗಟ್ಟಿಮುಟ್ಟಾಗಿದ್ದಾಳೆ. ನನಗೂ ಆಮೇಲೆ ಒಂದು ಹನಿ ಬಂದಿಲ್ಲ. ವರ್ಷ ವರ್ಷ ಎಕ್ಸರೇ ತೆಗೆಸುತ್ತೇನೆ, ಏನೂ ಸಿಗುವುದಿಲ್ಲ. ಸವಿತಾ ಮಾತ್ರ ಬಂದವರಿಗೆಲ್ಲ "ನನ್ನ ಜೀವಾ ಉಳಿಸಿದಾಕಿ" ಎಂದು ನನ್ನನ್ನು ತೋರಿಸುತ್ತಾಳೆ. ಹಾಗಂದಾಗ ಅತ್ತೆಯೂ ತಲೆ ಆಡಿಸುತ್ತಾರೆ. ನನಗೆ ಆ ಮಾತು ಮೈಮೇಲೆ ಮುಳ್ಳು ಎಳೆದಂತೆ ಆಗುತ್ತದೆ. ಏಕೆಂದರೆ ಅತ್ತೆ ಅವಳ ತಾಟಿಗೆ ಮೊದಲು ಬಡಿಸಿದರೆ ನನ್ನ ಹೊಟ್ಟೆ ಇಂದಿಗೂ ಉರಿಯುತ್ತದೆ.

ಹೋದ ತಿಂಗಳು ತಡೆಯಲಾಗಲಿಲ್ಲ. ಮಾಳಿಗೆಯ ಮೇಲೆ ಇಬ್ಬರೇ ಬಟ್ಟೆ ಒಣಹಾಕುತ್ತಿದ್ದೆವು. "ನಿನ್ನ ಉಳಸಾಕ ನಾ ಕೇಳಿದ್ದಲ್ಲ ಸವಿತಾ. ನಿನಗಿದ್ದದ್ದು ನನಗ ಇಲ್ಲ ಅಂತ ಹೊಟ್ಟಿಕಿಚ್ಚಿಗೆ ಕೇಳಿದ್ದು" ಎಂದು ಆ ದಿನ ಅಡುಗೆಮನೆಯಲ್ಲಿ ಅಂದದ್ದನ್ನೆಲ್ಲ ಹೇಳಿಬಿಟ್ಟೆ.

ಅವಳ ಕೈಯಲ್ಲಿ ಒದ್ದೆ ಸೀರೆ ಇತ್ತು. ಅತ್ತುಬಿಡುತ್ತಾಳೆ ಅಂದುಕೊಂಡೆ. "ಹೆಂಗರೆ ಆಗ್ಲಿ ಅಕ್ಕಾರ, ನನ್ನ ಮ್ಯಾಲೆ ಬಂದದ್ದು ನೀವು ತಗೊಂಡ್ರಿ. ಪ್ರೀತಿ ಇದ್ದವರು ಮೂರೂ ಮಂದಿ ಅಲ್ಲೇ ಕುಂತಿದ್ರು, ಅವರ್ಯಾರ ಕಡಿಂದೂ ಆಗಲಿಲ್ಲ" ಎಂದಳು. ಆಮೇಲೆ ಸೀರೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಹಿಂಡಲು.