ಅತ್ತೆ, ನಾನು ಮತ್ತು ಬಂಡೆಯ ಹಿಂದಿನ ಜಲಪಾತ

ನಮ್ಮ ಮದುವೆಯಾದ ಮರುವರ್ಷ ಅತ್ತೆ ಮೈಸೂರಿನಿಂದ ನಾವಿದ್ದ ವಿದೇಶದ ಊರು ವೆಸ್ಟೆರಾಸ್‌ಗೆ ಬಂದರು. ನಾವಿಬ್ಬರೂ ತೀರಾ ಮರ್ಯಾದೆಯಿಂದ ಇದ್ದೆವು. "ಕಾಫಿ ಕುಡೀತೀರಾ ಅತ್ತೆ?" "ನಿಂಗೆ ತೊಂದರೆ ಇಲ್ದಿದ್ರೆ ಕೊಡಮ್ಮ." ಅದಕ್ಕಿಂತ ಮುಂದೆ ಮಾತು ಹೋಗುತ್ತಿರಲಿಲ್ಲ. ಜುಲೈ ರಜೆಯಲ್ಲಿ ನನ್ನ ಗಂಡ ಇಬ್ಬರನ್ನೂ ರೈಲು ಹತ್ತಿಸಿ ಉತ್ತರದ ಬೆಟ್ಟಗಳಿಗೆ ಕರೆದುಕೊಂಡು ಹೋದ. ಅಲ್ಲಿ ಒಂದು ಸ್ಟುಗಾ, ಅಂದರೆ ಮರದ ಪುಟ್ಟ ಮನೆ, ಬಾಡಿಗೆಗೆ ಹಿಡಿದಿದ್ದೆವು.

ಮನೆಯ ಒಡತಿ ವಯಸ್ಸಾದವರು. ಕಣಿವೆಯ ತುದಿಯಲ್ಲೊಂದು ಜಲಪಾತ ಇದೆ, ಬೋರ್ಡು ಗೀರ್ಡು ಏನೂ ಇಲ್ಲ, ಬಂಡೆ ಸುತ್ತಿ ಒಳಗೆ ಹೋಗುವವರೆಗೂ ಕಾಣಿಸುವುದೇ ಇಲ್ಲ ಎಂದರು. ತೊರೆ ದಾಟುವಾಗ ನೀರು ಮೊಣಕಾಲು ಮೀರಿದರೆ ಸುಮ್ಮನೆ ವಾಪಸ್ ಬನ್ನಿ ಎಂದೂ ಹೇಳಿದರು.

ಮಾರನೆಯ ಬೆಳಿಗ್ಗೆ ಹೊರಡುವ ಹೊತ್ತಿಗೆ ನನ್ನ ಗಂಡ ಮೆಟ್ಟಿಲ ಮೇಲೆ ಜಾರಿ ಕಾಲು ಉಳುಕಿಸಿಕೊಂಡ. ಪ್ರವಾಸ ಮುಗಿಯಿತು ಅಂದುಕೊಂಡೆ. ಅತ್ತೆ ಅವನ ಪಾದಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ ಎದ್ದು ನಿಂತರು.

"ನಾವಿಬ್ಬರು ಹೋಗಿ ಬರ್ತೀವಿ. ಏನಮ್ಮ?"

"ಅಮ್ಮಾ, ಅದು ಚಾಮುಂಡಿ ಬೆಟ್ಟ ಅಲ್ಲ," ಅಂದ ಗಂಡ.

"ಗೊತ್ತು ಕಣೋ. ಅಲ್ಲಿ ಮೆಟ್ಟಿಲಿದೆ."

ನನಗೆ ನಗು ತಡೆಯಲಾಗಲಿಲ್ಲ. ಒಡತಿಗೆ ಯಾವಾಗ ವಾಪಸ್ ಬರುತ್ತೇವೆಂದು ತಿಳಿಸಿ ಹೊರಟೆವು.

ತೊರೆಯಲ್ಲಿ ಹಿಮ ಕರಗಿದ ನೀರು ಭೋರ್ಗರೆಯುತ್ತಿತ್ತು. ಕೋಲು ಊರಿ ಮೊದಲು ನಾನಿಳಿದೆ. ಚಳಿಗೆ ಮೂಳೆ ಮುರಿದ ಹಾಗಾಯಿತು, ಆದರೆ ನೀರು ಮೊಣಕಾಲಿನ ಕೆಳಗೇ ಇತ್ತು. ಅತ್ತೆ ನನ್ನ ಮಣಿಕಟ್ಟು ಹಿಡಿದು ಬಂದರು. ನಡುವೆ ಅವರ ಕಾಲಡಿಯ ಕಲ್ಲು ಉರುಳಿತು. ನೀರಲ್ಲೇ ಕುಸಿದು ಕೂತು ಸೊಂಟದವರೆಗೆ ನೆನೆದರು. ನಾನು ಅವರ ಜಾಕೆಟ್ ಹಿಡಿದು ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಆಚೆ ದಡದಲ್ಲಿ ಇಬ್ಬರೂ ಹಲ್ಲು ಕಟಕಟಿಸುತ್ತ ಕೂತೆವು. ನನ್ನ ಚೀಲದಲ್ಲಿದ್ದ ಒಣ ಪ್ಯಾಂಟು ಅವರಿಗೆ ಕೊಟ್ಟೆ.

"ವಾಪಸ್ ಹೋಗೋಣ್ವಾ ಅತ್ತೆ?"

"ವಾಪಸ್ ಹೋಗೋಕೂ ಇದೇ ನೀರು ದಾಟ್ಬೇಕಲ್ಲ. ನೋಡ್ಕೊಂಡೇ ಹೋಗೋಣ."

ಮುಂದೆ ಬಂಡೆಯ ಅಂಚಿನಲ್ಲಿ ಒಂದು ಪಾದ ಇಡುವಷ್ಟೇ ಜಾಗ. ಕೆಳಗೆ ಪ್ರಪಾತ. ಅರ್ಧ ದಾಟಿದ ಮೇಲೆ ನನ್ನ ಕಾಲು ಮುಂದೆ ಬರಲೇ ಇಲ್ಲ. ಬಂಡೆಗೆ ಕೆನ್ನೆ ಒತ್ತಿ ನಿಂತುಬಿಟ್ಟೆ.

"ನಂಗಾಗಲ್ಲ ಅತ್ತೆ."

ಹಿಂದಿನಿಂದ ಅವರ ಕೈ ನನ್ನ ಬೆನ್ನಿಗೆ ತಾಗಿತು. "ನಾನಿದ್ದೀನಿ. ಎಡಗಾಲು ಸ್ವಲ್ಪ ಸರಿಸು. ಹಾಂ, ಅಷ್ಟೇ. ಈಗ ಬಲಗಾಲು." ಸೊಸೆಗಲ್ಲ, ನಡೆಯಲು ಕಲಿಯುವ ಮಗುವಿಗೆ ಹೇಳುವ ದನಿ. ಹಾಗೇ ಸರಿದು ಸರಿದು ಮೂಲೆ ತಿರುಗಿದೆವು.

ಮುಖಕ್ಕೆ ತುಂತುರು ರಾಚಿತು. ಎದುರಿಗೆ ಕಪ್ಪು ಬಂಡೆಗಳ ಸೀಳಿನಲ್ಲಿ, ತಲೆ ಎತ್ತಿದರೂ ತುದಿ ಸಿಗದಷ್ಟು ಮೇಲಿಂದ, ಜಲಪಾತ ಬೆಳ್ಳಗೆ ಧುಮುಕುತ್ತಿತ್ತು. ಅದರ ಬುಡದಲ್ಲಿ ಜುಲೈನಲ್ಲೂ ಕರಗದ ಹಿಮದ ಗುಡ್ಡೆ. ಅತ್ತೆ ಎರಡೂ ಕೈ ಮೇಲೆತ್ತಿ "ಓಹೋ!" ಎಂದು ಕೂಗಿದರು. ಆ ಸದ್ದಿನಲ್ಲಿ ಅವರ ದನಿ ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ. ನಾನೂ ಕೂಗಿದೆ. ಗಂಟಲು ಕಟ್ಟುವವರೆಗೆ ಇಬ್ಬರೂ ಕೂಗಿದೆವು. ಆಮೇಲೆ ಅವರು ಬಾಗಿ ಬೊಗಸೆಯಲ್ಲಿ ನೀರು ತುಂಬಿ ಕುಡಿದರು, ಮತ್ತೆ ತುಂಬಿ ನನ್ನ ಬಾಯಿಗೆ ಹಿಡಿದರು.

"ಗೆದ್ವಿ ಕಣೇ," ಅಂದರು. ಅವರು ನನಗೆ 'ಕಣೇ' ಅಂದದ್ದು ಅದೇ ಮೊದಲು.