ಕೆಂಪು ನೋಡಿ ತಂದ ಮಾನಿಟರ್

ಮುಂಜಾನೆ ಪೂಜೆಗೆ ಕೂತಾಗ ನಾನು ದೇವರಲ್ಲಿ ಬೇಡುವುದು ಕಡಿಮೆ, ಒಪ್ಪಿಸುವುದೇ ಹೆಚ್ಚು. ನಿನ್ನೆ ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ಅತ್ತೆಯ ಮೊಣಕಾಲು ಅಷ್ಟಾಗಿ ನೋಯಲಿಲ್ಲ. ಇಂಥ ಸಣ್ಣ ಸಣ್ಣವೇ. ಎರಡು ವರ್ಷದಿಂದ ಇವೆಲ್ಲಕ್ಕಿಂತ ಮೊದಲು ಒಪ್ಪಿಸುವುದು ನಮ್ಮ ಮನೆಯವರ ಕಣ್ಣಿನ ಸಂಗತಿ. ಹೋಗಿದ್ದ ದೃಷ್ಟಿ ತಿರುಗಿ ಬಂದದ್ದು ದೇವರ ದಯೆಯೇ, ಸಂಶಯವಿಲ್ಲ. ಆದರೆ ಅದನ್ನು ನೆನೆಯುವಾಗ ಮಗಳ ಕೈತಪ್ಪಿದ ಆಟವೂ ನೆನಪಿಗೆ ಬಂದು ನಿಲ್ಲುತ್ತದೆ. ಒಂದನ್ನು ಬಿಟ್ಟು ಒಂದನ್ನು ನೆನೆಯಲು ನನಗೆ ಇನ್ನೂ ಆಗಿಲ್ಲ.

ನಾವು ಬ್ಯಾಡಗಿಯವರು. ಮನೆಯವರದು ಮೆಣಸಿನಕಾಯಿ ಖರೀದಿ. ಸುಗ್ಗಿಯಲ್ಲಿ ಮಾರುಕಟ್ಟೆಯ ತುಂಬ ಚೀಲಗಳು ಬಾಯಿ ಬಿಚ್ಚಿ ಕೂತಿರುತ್ತವೆ. ಖರೀದಿದಾರರು ಒಂದೊಂದು ಚೀಲದಿಂದ ಹಿಡಿ ಕಾಯಿ ತೆಗೆದು, ಬಿಸಿಲಿಗೆ ಹಿಡಿದು, ಬಣ್ಣ ನೋಡಿ ದರ ಬರೆಯುತ್ತಾರೆ. ನಮ್ಮ ಕಡೆಯ ಕಾಯಿಗೆ ಖಾರ ಕಡಿಮೆ, ಬಣ್ಣಕ್ಕೇ ಬೆಲೆ. ಇಪ್ಪತ್ತೈದು ವರ್ಷ ಅವರು ಬಾಳಿದ್ದು ಆ ಕೆಂಪಿನ ಮೇಲೆ. ಅಂಥವರು ಒಂದು ಸುಗ್ಗಿಯಲ್ಲಿ, ಕೋಲ್ಡ್ ಸ್ಟೋರೇಜಿನಿಂದ ಬಂದ ಹಿಂದಿನ ವರ್ಷದ ಮಾಲನ್ನು ಹೊಸ ಮಾಲೆಂದು ತೆಗೆದುಕೊಂಡುಬಿಟ್ಟರು. ಮಾರುಕಟ್ಟೆಯಲ್ಲಿ ಜೊತೆಯವರೊಬ್ಬರು ಎಲ್ಲರ ಮುಂದೆ, "ಏನೋ ಮಾರಾಯಾ, ಕಣ್ಣು ಮನ್ಯಾಗ ಇಟ್ಟು ಬಂದೀ ಏನ?" ಎಂದರಂತೆ. ಇವರೂ ನಕ್ಕರಂತೆ. ಅಂದು ಮನೆಗೆ ಬಂದವರು ಹಸಿವಿಲ್ಲ ಎಂದು ತಾಟಿನ ಮುಂದಿನಿಂದ ಎದ್ದುಹೋದರು. ಬಡಿಸುತ್ತಿದ್ದವಳು ಮಗಳು. ಅವಳೂ ಆ ದಿನ ಉಣ್ಣಲಿಲ್ಲ.

ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಗೆ ಹೋಗಿ ತೆಗೆಸಿಕೊಂಡು ಬಂದೆವು. ಪಟ್ಟಿ ಬಿಚ್ಚಿದ ಮೇಲೆ ಅವರು ನನ್ನ ಸೀರೆಯ ಅಂಚು ಹಿಡಿದು, "ಇದು ಇಷ್ಟು ಹಸರ ಐತೇನ? ನಾ ಕಪ್ಪ ಅಂತ ತಿಳ್ಕೊಂಡಿದ್ದೆ" ಎಂದರು. ನನಗೆ ಅಳು ಬಂತು. ಆದರೂ ಮಾರುಕಟ್ಟೆಗೆ ಹೋಗಲು ಅಂಜುತ್ತಿದ್ದರು. ಡಾಕ್ಟರು ಧೂಳು ಬೇಡವೆಂದಿದ್ದಾರೆ ಎಂಬ ನೆಪವೊಂದಿತ್ತು.

ಮಗಳ ಮಾತು ಇಲ್ಲಿಂದ ಶುರುವಾಗುತ್ತದೆ. ಆಗ ಅವಳು ಹಾವೇರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅಲ್ಲಿಯ ಗೆಳತಿಯೊಬ್ಬಳು ಐದು ಹುಡುಗಿಯರ ತಂಡ ಕಟ್ಟಿದ್ದಳು. ಎಲ್ಲರೂ ತಂತಮ್ಮ ಮನೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆಡುವ ಬಂದೂಕಿನ ಆಟ. ಅವಳ ದೊಡ್ಡಪ್ಪನ ಮಗ ತಾನು ಬಳಸಿ ಬಿಟ್ಟ ಕಂಪ್ಯೂಟರನ್ನು ಇವಳಿಗೆ ಕೊಟ್ಟಿದ್ದ. ಅದಕ್ಕೆ ಇವಳು ಅಪ್ಪನ ಅಂಗಡಿಯ ಹಳೆಯ ಮಾನಿಟರನ್ನು ಜೋಡಿಸಿಕೊಂಡಿದ್ದಳು. ಮೊದಮೊದಲು ನನಗೆ ಆ ಆಟ ಸೇರುತ್ತಿರಲಿಲ್ಲ. ನಾನು ದೀಪ ಹಚ್ಚುವ ಹೊತ್ತಿಗೇ ಗುಂಡಿನ ಸಪ್ಪಳ.

"ದೇವರ ಮುಂದ ಕೊಲಿ ಮಾಡಬ್ಯಾಡ ಬೇ, ಆ ಕಡೆ ಹೋಗಿ ಮಾಡು" ಎನ್ನುತ್ತಿದ್ದೆ.

"ಸತ್ತವ್ರು ಮುಂದಿನ ಆಟಕ್ಕ ಮತ್ತ ಎದ್ದು ಬರ್ತಾರವ್ವಾ, ಪಾಪ ಹತ್ತೂದಿಲ್ಲ" ಎಂದು ನಗುತ್ತಿದ್ದಳು. ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಹುಬ್ಬಳ್ಳಿಯಲ್ಲಿ ಹುಡುಗಿಯರ ತಂಡಗಳಿಗೆಂದೇ ಒಂದು ಪಂದ್ಯ ಇಟ್ಟಿದ್ದರು. ಮನೆಯಲ್ಲಿ ಆಡಿದವರು ಅಲ್ಲಿ ವೇದಿಕೆಯ ಮೇಲೆ ಕೂತು, ಜನರೆದುರು ಆಡಬೇಕು. ಮಗಳಿಗೆ ಅದೊಂದೇ ಧ್ಯಾನ. ಶಾಲೆಯಲ್ಲಿ ಓಟಕ್ಕಾಗಲಿ ಖೋಖೋಗಾಗಲಿ ಯಾರೂ ಅವಳನ್ನು ಆರಿಸಿದ್ದಿಲ್ಲ. ಒಂದು ಕಾಲು ಹುಟ್ಟಿನಿಂದ ತುಸು ಗಿಡ್ಡ. ಈ ಆಟದಲ್ಲಿ ಮಾತ್ರ ಅವಳು ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಆದರೆ ಮನೆಯಲ್ಲಿ ದಿನಾ ಅಭ್ಯಾಸ ಮಾಡುವ ಹಳೆಯ ಮಾನಿಟರಿನಲ್ಲಿ ಚಿತ್ರ ಎಳೆದಂತಾಗುತ್ತಿತ್ತು. ಪಂದ್ಯಕ್ಕೆ ಮೊದಲು ಒಳ್ಳೆಯದು ತಾ, ಇಲ್ಲದಿದ್ದರೆ ನಿನ್ನ ಜಾಗಕ್ಕೆ ಬೇರೆಯವಳನ್ನು ನೋಡಬೇಕಾಗುತ್ತದೆ ಎಂದು ತಂಡ ಕಟ್ಟಿದ ಗೆಳತಿ ಹೇಳಿದ್ದಳಂತೆ. ಆ ಮಾತು ಮನೆಯಲ್ಲಿ ನಮಗ್ಯಾರಿಗೂ ಗೊತ್ತಿರಲಿಲ್ಲ. ಮಾನಿಟರ್ ಬೇಕು ಎಂದಳು, ಅಪ್ಪ ಹೂಂ ಎಂದರು, ಅಷ್ಟೇ.

ಒಂದು ಶನಿವಾರ ಹನುಮಂತ ದೇವರಿಗೆ ಎಲೆ ಪೂಜೆ ಮುಗಿಸಿ ಮೂವರೂ ರಾಣೆಬೆನ್ನೂರಿಗೆ ಹೋದೆವು. ಬಸ್ ಸ್ಟ್ಯಾಂಡಿನಿಂದ ಆಟೋ ಹಿಡಿದು ಕಂಪ್ಯೂಟರ್ ಅಂಗಡಿಗೆ ಬಂದೆವು.

"ಬರ್ರಿ ಕಾಕಾ, ಕುಂದ್ರಿ. ಅಕ್ಕಾರ, ಫ್ಯಾನಿನ ಕೆಳಗ ಬರ್ರಿ" ಎಂದು ಅಂಗಡಿಯವರು ಕೂಡಿಸಿ, ಎರಡು ಮಾನಿಟರ್ ಪಕ್ಕಪಕ್ಕ ಇಟ್ಟರು. ಒಂದು ದೊಡ್ಡದು. ಇನ್ನೊಂದು ಸಣ್ಣದು, ಸುತ್ತಲಿನ ಚೌಕಟ್ಟೂ ದಪ್ಪ. ಮಗಳು ಸಣ್ಣದರ ಮುಂದೆಯೇ ನಿಂತಳು.

"ಇದು ನೂರಾ ನಲವತ್ನಾಕಲ್ರೀ?"

"ಹೌದವಾ. ಆಟಕ್ಕ ಇದ ಬರೋಬರಿ. ಆ ದೊಡ್ಡದು ಅರವತ್ತ, ಆದ್ರ ಅದರ ಬಣ್ಣ ನೋಡು. ಫೋಟೋ ಸ್ಟುಡಿಯೋದವ್ರು ಅದನ್ನ ಒಯ್ತಾರ."

ಬಣ್ಣ ಎಂಬ ಮಾತು ಬಿದ್ದದ್ದೇ ಮನೆಯವರು ಕುರ್ಚಿ ಬಿಟ್ಟು ಎದ್ದರು. ಕಿಸೆಯಿಂದ ಫೋನ್ ತೆಗೆದು, "ಇದರಾಗ ನಮ್ಮ ಮಾಲಿನ ಫೋಟೋ ಅದಾವ. ಎರಡರಾಗೂ ಹಾಕಿ ತೋರಸ್ರಿ" ಎಂದರು. ಅಂಗಡಿಯವರು ಹಾಕಿದರು. ಎರಡು ಪರದೆಯ ತುಂಬ ಮೆಣಸಿನಕಾಯಿ. ಇವರು ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು.

"ಬಾಗಲಕ್ಕ ತರ್ರಿ. ಬಿಸಿಲಾಗ ನೋಡಬೇಕು."

"ಬಿಸಿಲಾಗ ಪರದಿ ಕಾಣೂದ ಇಲ್ರಿ ಕಾಕಾ, ಇದೇನ್ ಚೀಲದಾಗಿನ ಕಾಯಿ ಅಲ್ಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇವರು ಬಿಡಲಿಲ್ಲ. ಕಡೆಗೆ ಅಂಗಡಿಯವರು ವೈರ್ ಎಳೆದು ಎರಡನ್ನೂ ಹೊಸ್ತಿಲ ಒಳಗೆ, ನೆರಳಲ್ಲೇ ಇಟ್ಟು ತೋರಿಸಿದರು. ಇವರು ತುಸು ಹೊತ್ತು ನೋಡಿ, ದೊಡ್ಡದರ ಮೇಲೆ ಬೆರಳಿಟ್ಟರು.

"ಇದರಾಗ ಹೊಸ ಮಾಲು. ಆ ಸಣ್ಣದರಾಗ ನೋಡ್ರಿ, ಅದ ಕಾಯಿ, ಹೋದ ವರ್ಷದ್ದು ಆಗೇತಿ. ಬಿಳಚ್ಯಾವ."

"ಖರೇ ರೀ ಕಾಕಾ!" ಅಂಗಡಿಯವರು ಕಣ್ಣರಳಿಸಿದರು. "ನಾವು ದಿನಾ ಮಾರತೇವಿ, ಇಷ್ಟ್ ಲಗೂನ ನಮಗೂ ಹೇಳಾಕ ಬರೂದಿಲ್ಲ. ಭಾರಿ ಅದಾವ್ರಿ ನಿಮ್ಮ ಕಣ್ಣು."

ಆ ಒಂದು ಮಾತಿಗೆ ನಮ್ಮ ಮನೆಯವರ ಮುಖ ಹೇಗಾಯಿತೆಂದು ಹೇಳಲಾರೆ. ಆ ಸುಗ್ಗಿಯಿಂದ ಈಚೆಗೆ ನಾನು ಆ ಮುಖ ಕಂಡಿರಲಿಲ್ಲ. ನನ್ನ ಕಡೆ ತಿರುಗಿ, "ಕೇಳಿದೇನ?" ಎಂದರು. ಮಗಳು ಮೆಲ್ಲಗೆ, "ಅಪ್ಪಾ, ಅದು ಸಣ್ಣದು ಲಗೂ ಓಡತೈತಿ..." ಎಂದಳು.

"ಎಲ್ಲಿಗೆ ಓಡತೈತಿ ಯವ್ವಾ? ಗೋಡಿ ಮುಂದ ಕುಂದ್ರೂದು. ದಿನಾ ನೋಡೂದು ಕಣ್ಣಿಗೆ ಛಲೋ ಕಾಣಬೇಕು."

ಅವಳು ಅಪ್ಪನ ಮುಖ ನೋಡಿದಳು. ಆಮೇಲೆ, "ಹೌದಪ್ಪಾ, ಇದ ಛಲೋ ಐತಿ" ಎಂದಳು. ಅರವತ್ತು, ನೂರಾ ನಲವತ್ನಾಲ್ಕು ಏನೆಂದು ನನಗೆ ಆಗ ತಿಳಿಯದು. ಮಗಳಿಗೂ ಮನಸ್ಸಿಗೆ ಬಂತು, ಒಳ್ಳೆಯದಾಯಿತು ಎಂದುಕೊಂಡೆ. ದೊಡ್ಡದನ್ನೇ ಮನೆಗೆ ತಂದು ಅರಿಸಿನ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದೆ. ಮರುದಿನ ಬೆಳಿಗ್ಗೆ ಮನೆಯವರು ತಾವಾಗಿಯೇ ಅಂಗಿ ತೊಟ್ಟು ಮಾರುಕಟ್ಟೆಗೆ ಹೊರಟರು. ಭಾನುವಾರ, ಮಾರುಕಟ್ಟೆ ಇಲ್ಲ ಎಂದು ನೆನಪು ಮಾಡಿಕೊಟ್ಟೆ. "ಇಲ್ಲದಿದ್ರ ಇರಲಿ, ಸುಮ್ಮ ಅಡ್ಡ್ಯಾಡಿ ಬರ್ತೇನಿ" ಎಂದು ಹೋದರು.

ಕೆಲವು ವಾರ ಕಳೆದ ಮೇಲೆ ತಂಡ ಕಟ್ಟಿದ ಆ ಗೆಳತಿ ಹಾವೇರಿಯಿಂದ ಮನೆಗೆ ಬಂದಳು. ಮನೆಯವರು ಅಂಗಡಿಯಲ್ಲಿದ್ದರು. ನಾನು ಮಂಡಕ್ಕಿಯ ಗಿರಮಿಟ್ ಕಲಸಿ ಕೊಟ್ಟೆ. ಅವಳು ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಮಾನಿಟರ್ ನೋಡಿ, "ಏ, ಇದೇನ, ಟಾಕೀಸ್ ಕಟ್ಟಿಸೀ ಏನ ಮನ್ಯಾಗ?" ಎಂದಳು. ಆಮೇಲೆ ನಗು ನಿಲ್ಲಿಸಿದಳು.

"ಫೋನ್ಯಾಗ ಹೇಳೂ ಮಾತಲ್ಲ, ಅದಕ್ಕ ಬಂದೇನಿ. ಹುಬ್ಬಳ್ಳಿಗೆ ನಿನ್ನ ಬದಲಿ ಬ್ಯಾರೆಯಾಕಿನ್ನ ತೊಗೊಂಡೇವಿ. ಸಿಟ್ಟಾಗಬ್ಯಾಡಲೇ. ನಿನ್ನ ಕೈ ಲಗೂ ಅದ, ಆದ್ರ ನಿನಗ ಕಾಣೂದ ತಡಾ ಆಗಾಕತ್ತೇತಿ. ದಿನಾ ನಿನ್ನ ಕಡಿಂದ ಸೋಲಾಕತ್ತೇವಿ."

"ಹೂಂ" ಎಂದಳು ಮಗಳು. "ಮೊದಲು ತಿನ್ನು, ಮೆತ್ತಗಾಗತೈತಿ."

ಗೆಳತಿ ಹೋದ ಮೇಲೆ ಒತ್ತಿ ಕೇಳಿದೆ. ಆಗ ಹೇಳಿದಳು. ಪರದೆಯ ಚಿತ್ರ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಆ ಅರವತ್ತು, ನೂರಾ ನಲವತ್ನಾಲ್ಕರ ಲೆಕ್ಕವಂತೆ. "ಎದರಿನವ್ರು ಬಾಗಲಾ ದಾಟಿ ಬಂದಿರ್ತಾರವ್ವಾ, ನನ್ನ ಪರದ್ಯಾಗ ಇನ್ನೂ ಬಾಗಲದಾಗ ನಿಂತಿರ್ತಾರ. ಓಡಿದ್ರ ಬಾಲಾ ಬಿಟ್ಟಂಗ ಕಾಣ್ತಾರ."

"ಇವತ್ತ ಅಪ್ಪಗ ಹೇಳತೇನಿ. ಬದಲಿ ಮಾಡಿಸ್ಕೊಂಡ ಬರೂಣು."

"ಬ್ಯಾಡ. 'ಮತ್ತ ನಾ ನೋಡಿದ್ದು ತಪ್ಪಾತು' ಅಂತಾನ ಅಪ್ಪ. ಈಗಷ್ಟ ದಿನಾ ಮಾರ್ಕೆಟ್ಟಿಗೆ ಹೊಂಟಾನ. ನನಗ ಮುಂದಿನ ವರ್ಷ ಬರತೈತಿ ಬಿಡವ್ವಾ." ದೇವರ ಜಗಲಿಯ ಮುಂದೆ ನಿಲ್ಲಿಸಿ ನನ್ನಿಂದ ಆಣೆ ಮಾಡಿಸಿಕೊಂಡಳು. ನಾನು ಮುಖದ ಮೇಲೆ ಹೇಳುವ ಸ್ವಭಾವದವಳು, ಅದು ಅವಳಿಗೆ ಗೊತ್ತು. ಆಣೆ ಮೀರುವವಳಲ್ಲ ಎಂಬುದೂ ಗೊತ್ತು.

ಪಂದ್ಯದ ದಿನ ಅದನ್ನು ಕಂಪ್ಯೂಟರಿನಲ್ಲಿ ನೇರ ತೋರಿಸುತ್ತಿದ್ದರು. ಮಗಳು ಹಾಕಿಕೊಂಡು ಕೂತಳು. ಮನೆಯವರೂ ಕುರ್ಚಿ ಎಳೆದುಕೊಂಡು ಕೂತರು. ವೇದಿಕೆ, ದೀಪಗಳು, ಹುಡುಗಿಯರ ನೀಲಿ ಅಂಗಿಗಳು. ಆ ಪರದೆಯಲ್ಲಿ ಎಲ್ಲ ಬಹಳ ಚೆಂದ ಕಾಣುತ್ತಿತ್ತು, ಅದನ್ನು ಒಪ್ಪಲೇಬೇಕು.

"ಇವ್ರು ನಿಮ್ಮ ಹುಡುಗ್ಯಾರಲ್ಲ? ನೀ ಯಾಕ ಹೋಗಿಲ್ಲ?"

"ಬಿಟ್ಟೆನಪ್ಪಾ. ಬ್ಯಾಸರಾತು."

"ಇದ ನೋಡು ನಿನ್ನ ಹಣೇಬಾರ. ಇಷ್ಟು ಛಲೋದು ಆರಿಸಿ ಕೊಡಿಸಿದ್ರೂ ಛಲ ಇಲ್ಲ ನಿನಗ. ಒಂದನ್ನರ ಕಡೀತನಕ ಹಿಡದ ಮಾಡಬೇಕು."

"ತಪ್ಪಾತಪ್ಪಾ" ಎಂದಳು. ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ತಂಡ ಎರಡನೆಯ ಸುತ್ತಿನಲ್ಲಿ ಸೋತಿತು. ಮಗಳು ಕೊನೆಯತನಕ ನೋಡಿದಳು.

ಮುಂದಿನ ವರ್ಷ ಬರುತ್ತದೆ ಎಂದಿದ್ದಳು. ಬಂತು, ಆದರೆ ಅಷ್ಟರಲ್ಲಿ ಕಾಲೇಜು ಮುಗಿದಿತ್ತು. ಇವಳಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಅದೂ ಒಂದು ದಯೆಯೇ. ಕೆಲವು ತಿಂಗಳ ಹಿಂದೆ ಹಾವೇರಿಯ ಅದೇ ಗೆಳತಿ ತನ್ನ ಮದುವೆಗೆ ಕರೆಯಲು ಬಂದಳು. ಮಗಳು ಕೆಲಸಕ್ಕೆ ಹೋಗಿದ್ದಳು, ಮನೆಯವರೇ ಮಾತಾಡಿಸಿದರು. ಮಾತಿಗೆ ಮಾತು ಬಂದು ಅವಳು ಅಂದುಬಿಟ್ಟಳು.

"ಅವತ್ತ ಮಾನಿಟರ್ ಒಂದ ಬರೋಬರಿ ಇದ್ದಿದ್ರ ನಾವು ಇಕಿನ್ನ ಬಿಡ್ತಿದ್ದಿಲ್ರಿ ಕಾಕಾ."

"ಯಾಕವಾ, ಅದರ ಬಣ್ಣ ಛಲೋ ಇತ್ತಲ್ಲ?"

"ಬಣ್ಣಾ ತೊಗೊಂಡು ಏನ್ ಮಾಡೂಣ್ರಿ? ಲಗೂ ಓಡಬೇಕಿತ್ತು. ಪಾಪ, ಅಕಿನ ಜಾಗಾ ಹೋತು." ಇವರಿಗೆ ಗೊತ್ತಿದೆ ಎಂದೇ ಅವಳು ತಿಳಿದಿದ್ದಳು. ಇವರು ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಆಣೆ ನಾನು ಮುರಿಯಲಿಲ್ಲ, ಆದರೂ ಅವರಿಗೆ ಎಲ್ಲ ತಿಳಿಯಿತು.

ಮರುದಿನ ಯಾರಿಗೂ ಹೇಳದೆ ರಾಣೆಬೆನ್ನೂರಿಗೆ ಹೋಗಿಬಂದರು. ಸಂಜೆ ಮಗಳು ಪ್ಯಾಸೆಂಜರ್ ಗಾಡಿಗೆ ಬಂದಾಗ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ ಇತ್ತು.

"ಈ ಸಲ ಬಣ್ಣ ನೋಡಿಲ್ಲ ಯವ್ವಾ" ಎಂದರು. "ಯಾವದು ಭಾಳ ಓಡತೈತಿ ಅಂತ ಅಷ್ಟ ಕೇಳಿ ತಂದೇನಿ."

ಅವಳು ಬಿಚ್ಚಿ ಜೋಡಿಸಿದಳು. ಯಾರೋ ಗುರುತಿಲ್ಲದವರ ಜೊತೆ ಒಂದು ಆಟ ಆಡಿದಳು. ಇವರು ಹಿಂದೆ ನಿಂತಿದ್ದರು.

"ಓಡತೈತೇನ?"

"ಓಡತೈತಪ್ಪಾ. ಭಾಳ ಛಲೋ ಐತಿ."

"ಹಂಗಾರ ಆ ಹುಡುಗ್ಯಾರನ್ನ ಮತ್ತ ಕರಿ. ಮುಂದಿನ ಸಲ ಹುಬ್ಬಳ್ಳಿಗೆ ನಾನ ಕರ್ಕೊಂಡ ಹೋಗತೇನಿ."

"ಯಾರನ್ನ ಕರೀಲಪ್ಪಾ? ಒಬ್ಬಾಕಿಗೆ ಲಗ್ನ. ಇಬ್ಬರು ಪುಣೇಕ ಹೋದ್ರು. ಇನ್ನೊಬ್ಬಾಕಿ ಕಂಪ್ಯೂಟರ್ ಮಾರಿ ಹೊಲಿಗಿ ಮಷಿನ್ ತೊಗೊಂಡಾಳ."

ಇವರು ಖಾಲಿ ರಟ್ಟಿನ ಪೆಟ್ಟಿಗೆಯನ್ನು ಮಡಚಿ ಗೋಡೆಗೆ ಒರಗಿಸಿದರು. "ಅವತ್ತ ಅಂಗಡ್ಯಾಗ ಒಂದ ಮಾತು ಜೋರಲೇ ಹೇಳಬೇಕಿತ್ತವಾ ನೀ."

"ನಿನ್ನ ಮುಖಾ ಅವತ್ತ ಹಂಗಿತ್ತಪ್ಪಾ. ಹೆಂಗ ಹೇಳ್ಲಿ?"

ಮಗಳು ಹೆಡ್‌ಫೋನ್ ತೆಗೆದು, ಊಟಕ್ಕೆ ಏಳು ಎಂದಳು. ಇವರು ಏಳಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, "ಇನ್ನೊಂದ ಆಡು, ನೋಡತೇನಿ" ಎಂದರು. ಅವಳು ಆಡಿದಳು. ಆಡುತ್ತಿರುವುದು ಅಪ್ಪನಿಗಾಗಿ ಎಂಬುದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನಾನು ಒಳಗೆ ಹೋಗಿ, ಬಡಿದಿಟ್ಟ ರೊಟ್ಟಿ ಆರದಂತೆ ಬಟ್ಟೆ ಮುಚ್ಚಿದೆ.