ಬ್ರೇಕಿನ ಎಣ್ಣೆ ಮತ್ತು ಮೊದಲ ಕೂಗು

ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿದರೆ ನನ್ನ ಓರಗೆಯವರಿಗೆಲ್ಲ ಬಾಲ್ಯ ನೆನಪಾಗುತ್ತದೆ. ಮೂಗು ಹಿಡಿದ ಅಜ್ಜಿ, ಎಣ್ಣೆ ತುಂಬಿ ಬಾಯಿಗೆ ಬಂದ ಒಳಲೆ, ಆಮೇಲೆ ಹಿತ್ತಲಿನ ಕಡೆಗೆ ಓಟ. ನನಗೆ ಮಾತ್ರ ಆ ವಾಸನೆಗೆ ಬೆನ್ನಿನಲ್ಲಿ ಸಣ್ಣಗೆ ಚಳಿ ಏಳುತ್ತದೆ. ಅದು ಹೊಟ್ಟೆಯ ನೆನಪಲ್ಲ, ಬ್ರೇಕಿನ ನೆನಪು.

ಮನುಷ್ಯನನ್ನು ಓಡಿಸುವ ಎಣ್ಣೆಯೇ ಮೋಟಾರನ್ನು ನಿಲ್ಲಿಸುತ್ತದೆ ಎಂಬುದು ನನಗೆ ತಿಳಿದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲಿಗೆ ಚೀಟಿ ಬೇಕಾಗಿತ್ತು, ಬ್ರೇಕಿನ ಎಣ್ಣೆಗೆ ಚೀಟಿಯೂ ಸಿಗುತ್ತಿರಲಿಲ್ಲ. ಕೊಪ್ಪಳದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ ಕಾಸೀಮ ಸಾಹೇಬರು ಔಡಲೆಣ್ಣೆಗೆ ದವಾಖಾನೆಯ ಸ್ಪಿರಿಟು ಬೆರೆಸಿ, ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, ಅತ್ತರು ಮಾರುವವರ ಗತ್ತಿನಲ್ಲಿ ನನಗೆ ಕೊಟ್ಟಿದ್ದರು. ಅದರ ಜೊತೆಗೆ ವಿದ್ಯೆಯನ್ನೂ ಕೊಟ್ಟಿದ್ದರು. "ನೋಡ್ರಿ ವಕೀಲಸಾಬ್, ಪೈಪಿನಾಗ ಎಣ್ಣಿ ಇದ್ರ ಒತ್ತಿದ್ದು ಗಾಲಿಗೆ ಮುಟ್ಟತೈತಿ. ಗಾಳಿ ಸೇರ್ಕೊಂಡ್ರ ಎಲ್ಲಾ ಪೊಳ್ಳು. ಒಬ್ಬರು ಮ್ಯಾಲ ಕುಂತು ಬ್ರೇಕ್ ಒತ್ತಬೇಕು, ಒಬ್ಬರು ತೆಳಗ ಗಾಲಿಯ ತಿರುಪು ಸಡಿಲ ಮಾಡಬೇಕು. ಗಾಳಿ ಹೊರಗ ಬಂದಕೂಡ್ಲೆ ತಿರುಪು ಬಿಗಿಬೇಕು, ಆಮ್ಯಾಲ ಕಾಲು ಎತ್ತಬೇಕು. ಹಿಂದ ಮುಂದ ಆದ್ರ ಗಾಳಿ ವಾಪಸ್ ಒಳಗ. ಇಷ್ಟ ಇಲ್ಮು."

ಇಷ್ಟೇ ಇಲ್ಮು. ಎರಡು ಜೀವ, ನಡುವೆ ಒಂದು ಮಾತು. ಎತ್ತಿನ ಬಂಡಿಯಲ್ಲಿ ಇದೆಲ್ಲ ಇರಲಿಲ್ಲ. ಎತ್ತಿಗೆ "ಹೋ" ಎಂದರೆ ನಿಲ್ಲುತ್ತಿತ್ತು, ಅದಕ್ಕೆ ಇಷ್ಟವಿದ್ದರೆ. ಮೋಟಾರಿಗೆ ಇಷ್ಟಾನಿಷ್ಟ ಇಲ್ಲವೆಂದು ನಾನು ಆಗ ನಂಬಿದ್ದೆ.

ನನ್ನ ಮೋಟಾರು ವರ್ಗವಾಗಿ ಹೋದ ಅಧಿಕಾರಿಯೊಬ್ಬರಿಂದ ನನಗೆ ಬಂದದ್ದು. ಯಲಬುರ್ಗಾದಲ್ಲಿ ಮನೆ, ಕೊಪ್ಪಳದಲ್ಲಿ ವಕೀಲಿ. ನಡುವೆ ಧೂಳು ತಿನ್ನಲು ನನಗೊಂದು ಸಾಧನ ಬೇಕಾಗಿತ್ತು. ಅದರ ಕೈಬ್ರೇಕು ಕೊಟ್ಟ ಮಾತಿಗೆ ನಿಂತದ್ದು ನಾನು ಕಂಡಿಲ್ಲ. ಕಾಲಿನ ಬ್ರೇಕು ಮಾತ್ರ ಸಂಭಾವಿತವಾಗಿತ್ತು. ಅದೂ ಒಂದು ಸಂಜೆ ಊರ ಅಗಸಿ ಬಾಗಿಲ ಬಳಿ ನನ್ನ ಕಾಲ ಕೆಳಗೆ ಸುಮ್ಮನೆ ಇಳಿದುಹೋಯಿತು. ಕೆಸರಿನಲ್ಲಿ ಕಾಲಿಟ್ಟಂತೆ ಇಳಿಯಿತು, ಇಳಿದದ್ದು ಮೇಲೆ ಬರಲಿಲ್ಲ. ನಾನು ಒಂದು ಜೋಳದ ಕಣಿಕೆಯ ಬಣವೆಗೆ ಹೊಕ್ಕು ನಿಂತೆ. ಬಣವೆಯ ಒಡೆಯ ಬಂದು ನನ್ನ ತಲೆಯಿಂದ ಕಣಿಕೆ ಆರಿಸುತ್ತ, "ವಕೀಲರು ಮೇಯಾಕ ಬಂದಾರೇನ?" ಎಂದು ಕೇಳಿದ. ಅವನ ಎತ್ತುಗಳಿಂದಲೇ ಗಾಡಿಯನ್ನು ಮನೆಯ ಮುಂದಕ್ಕೆ ಎಳೆಸಿದೆ.

ಊರು ನಕ್ಕು ಮುಗಿಸುವಷ್ಟರಲ್ಲಿ ಬೆಳಗಾಯಿತು, ಬೆಳಗಿನೊಂದಿಗೆ ಗಂಗಾವತಿಯಿಂದ ಒಬ್ಬ ಮನುಷ್ಯ ಬಂದ. ನಮ್ಮ ಮನೆಯಲ್ಲಿ ನನ್ನ ತಂದೆಯ ತಂಗಿ ನೀಲಮ್ಮ ಇದ್ದರು. ನನಗೆ ನೀಲತ್ತಿ. ಗಂಡ ತೀರಿದ ಮೇಲೆ ನಮ್ಮೊಂದಿಗೇ ಇದ್ದು, ನನಗೆ ಮಾತು ಕಲಿಸಿದ ಹಿರಿಯರಲ್ಲಿ ಒಬ್ಬರು. ಅವರ ಒಬ್ಬಳೇ ಮಗಳು ಗೌರವ್ವನನ್ನು ಗಂಗಾವತಿಗೆ ಕೊಟ್ಟಿತ್ತು. ಬಂದವನು ನೀರು ಕುಡಿಯುವ ಮೊದಲೇ ಹೇಳಿದ: ಗೌರವ್ವನಿಗೆ ವಿಷಮಜ್ವರ, ಮೈಮೇಲೆ ಎಚ್ಚರಿಲ್ಲ. "ಒಂದ ಸವನ ಅವ್ವಾ ಅವ್ವಾ ಅಂತಾಳ್ರಿ. ಲಗೂನ ಕರಕೊಂಡ ಬರ್ರಿ ಅಂದಾರ."

ಸರ್ವಿಸ್ ಮೋಟಾರು ಪೆಟ್ರೋಲಿಲ್ಲದೆ ನಿಂತಿತ್ತು. ಬಂಡಿ ಕಟ್ಟಿದರೆ ಮುಟ್ಟುವುದು ಯಾವಾಗಲೋ. ಉಳಿದದ್ದು ಬಣವೆ ಹೊಕ್ಕ ನನ್ನ ಗಾಡಿ, ಅದರಲ್ಲಿ ಚೀಟಿಯ ಪೆಟ್ರೋಲು ಇನ್ನೂ ಇತ್ತು. ಕೊಪ್ಪಳ ದಾಟಿದ ಮೇಲೆ ಬಂಡೆಗುಡ್ಡಗಳ ನಡುವೆ ಇಳಿಜಾರಿದೆ. ಅಲ್ಲಿ ಬಣವೆಗಳಿಲ್ಲ.

ನೀಲತ್ತಿ ಅಳಲಿಲ್ಲ. "ಗಾಡಿ ತಯಾರ ಮಾಡು ತಮ್ಮಾ. ನಾ ಏನ ಮಾಡಬೇಕು ಹೇಳು" ಎಂದರು. ನನ್ನ ಹೆಂಡತಿ ಕುಷ್ಟಗಿಯ ತವರಿಗೆ ಹೋಗಿದ್ದಳು, ಸುದ್ದಿ ತಂದವನು ಉಳಿದ ನೆಂಟರಿಗೆ ಹೇಳಲು ಮುಂದಿನೂರಿಗೆ ಹೊರಟುಹೋಗಿದ್ದ. ಬ್ರೇಕು ಒತ್ತಲು ಮನೆಯಲ್ಲಿ ಇನ್ನೊಂದು ಕಾಲು ಅಂದರೆ ಅತ್ತಿಯದೇ. ಎಂದೂ ಮೋಟಾರು ಹತ್ತದ ಹೆಂಗಸು ಸೆರಗು ಬಿಗಿದು, ಬಾಗಿಲ ಹಿಡಿಗೆ ಒಮ್ಮೆ ನಮಸ್ಕಾರ ಮಾಡಿ, ನಡೆಸುವವನ ಜಾಗದಲ್ಲಿ ಕುಳಿತರು. ನಾನು ಹೇಳಿಕೊಟ್ಟೆ: ಒತ್ತು ಅಂದಾಗ ಒತ್ತಬೇಕು, ಬಿಡು ಅಂದಾಗ ಬಿಡಬೇಕು.

ಸಾಮಾನು ಹೊಂದಿಸುವಷ್ಟರಲ್ಲಿ ಮಟಮಟ ಮಧ್ಯಾಹ್ನವಾಗಿತ್ತು. ನಮ್ಮ ಕಡೆಯ ಮಧ್ಯಾಹ್ನ ಬಲ್ಲವರಿಗೆ ಹೇಳಬೇಕಾಗಿಲ್ಲ. ಕತ್ತಲೆಯಲ್ಲಿ ಹೆದರುವುದು ಸುಲಭ, ಅಲ್ಲಿ ಏನೋ ಇದ್ದೀತು ಎಂದು ಹೆದರುತ್ತೇವೆ. ನಡುಹಗಲಿನಲ್ಲಿ ಎಲ್ಲವೂ ಕಾಣುತ್ತಿರುತ್ತದೆ. ಓಣಿ, ಕಟ್ಟೆ, ಬೇವಿನ ಮರ, ಮುಚ್ಚಿದ ಬಾಗಿಲುಗಳು, ಎಲ್ಲವೂ. ಯಾವುದಕ್ಕೂ ನೆರಳಿರುವುದಿಲ್ಲ, ಯಾವುದೂ ಅಲುಗುವುದಿಲ್ಲ. ನಾಯಿಯೂ ಬೊಗಳಬೇಕೋ ಬೇಡವೋ ಎಂದು ಯೋಚಿಸಿ ಬಿಟ್ಟುಬಿಡುತ್ತದೆ. ಅಂಥ ಹೊತ್ತಿನಲ್ಲಿ ನಾನು ಗೋಣಿಚೀಲ ಹಾಸಿ, ಬ್ರೇಕಿಗೆ ಎಲ್ಲಕ್ಕಿಂತ ದೂರದ ಹಿಂದಿನ ಗಾಲಿಯ ಬಳಿ ಗಾಡಿಯ ಅಡಿಗೆ ಹೊಕ್ಕೆ.

"ಒತ್ತು ಅತ್ತೀ."

ಮೇಲಿನಿಂದ ಸದ್ದಿಲ್ಲ. ಹಿರಿಯರು, ಹೂಂಗುಟ್ಟುವುದು ಅವರಿಗೆ ರೂಢಿಯಿಲ್ಲ ಎಂದುಕೊಂಡು ತಿರುಪು ಸಡಿಲಿಸಿದೆ. ಏನೂ ಬರಲಿಲ್ಲ. ಬಿಗಿದೆ. ಮತ್ತೆ ಕೂಗಿದೆ, ಮತ್ತೆ ಸಡಿಲಿಸಿದೆ. ಈ ಸಲ ತಿರುಪಿನ ಬಾಯಿಂದ ಎಣ್ಣೆ ಹೊರಗೆ ಬರುವುದರ ಬದಲು ಒಂದು ಸದ್ದು ಒಳಗೆ ಹೋಯಿತು. ಹ್ಹಾ. ಬಹಳ ಹೊತ್ತು ಅತ್ತ ಮಗು ನಡುವೆ ಉಸಿರು ಎಳೆದುಕೊಳ್ಳುತ್ತದಲ್ಲ, ಹಾಗೆ.

ನಾನು ಸ್ವಲ್ಪ ಹೊತ್ತು ಗಾಲಿಯನ್ನು ನೋಡುತ್ತ ಮಲಗಿದೆ. ಗಾಲಿಗೂ ನೋಡುವ ಮುಖವಿದ್ದಂತಿತ್ತು.

ಎಷ್ಟು ಸಲ ಮಾಡಿದರೂ ಅದೇ. ಒಮ್ಮೆ ಕರಿ ಎಣ್ಣೆ ಪಿಚಕ್ಕನೆ ನನ್ನ ಗಲ್ಲಕ್ಕೆ ಹಾರಿತು, ಮರುಸಲ ಗಾಲಿ ಉಸಿರೆಳೆಯಿತು. ಬೇರೆ ಗಾಲಿಗೆ ಹೋದರೆ ಅದೂ ಉಸಿರೆಳೆಯಿತು. ಸದ್ದು ಕೇಳಿದಾಗಲೆಲ್ಲ ಮೇಲೆ ಅತ್ತಿ ಕುಳಿತ ಸೀಟು ಒಂದು ಸಲ ಕಿರುಗುಟ್ಟುತ್ತಿತ್ತು. ಅವರೂ ಕೇಳಿಸಿಕೊಳ್ಳುತ್ತಿದ್ದರು. ಆದರೂ ಎದ್ದು ಹೋಗಲಿಲ್ಲ. ಅಷ್ಟರಲ್ಲಿ ಎದುರುಮನೆಯ ಕಿಟಕಿ ಅರ್ಧ ತೆರೆಯಿತು. ಯಾವುದೋ ಹೆಣ್ಣುದನಿ, "ಗಾಡಿಯೊಳಗ ಯಾರೋ ತೇಕತಾರ" ಎಂದಿತು. ಕಿಟಕಿ ಮುಚ್ಚಿತು, ಅಗಳಿ ಬಿತ್ತು.

ನನಗೆ ವಕೀಲಿಯಲ್ಲಿ ಕಲಿತ ಒಂದು ಬುದ್ಧಿ ಇದೆ. ಸಾಕ್ಷಿ ಗೋಜಲಾದಾಗ ಸಾಕ್ಷಿಯ ಮುಖ ನೋಡಬೇಕು. ಈ ಸಲ "ಒತ್ತು" ಎಂದು ಕೂಗಿ, ತಿರುಪು ಮುಟ್ಟದೆ, ಮೆಲ್ಲಗೆ ತೆವಳಿ ಹೊರಬಂದು ಬಾಗಿಲಲ್ಲಿ ಇಣುಕಿದೆ. ನೀಲತ್ತಿ ಬ್ರೇಕಿನ ಮೇಲೆ ಪಾದವನ್ನು ಗೇಣು ಎತ್ತರದಲ್ಲಿ ಹಿಡಿದು ಕುಳಿತಿದ್ದರು. ಹಣೆ ತುಂಬ ಬೆವರು. ಕೈಯ ಹೆಬ್ಬೆರಳು ಕಿರುಬೆರಳ ಗೆರೆಯ ಮೇಲೆ ನಿಂತಿತ್ತು. ಅವರು ಎಣಿಸುತ್ತಿದ್ದರು.

"ಏನ ಎಣಸ್ತಿ ಅತ್ತೀ?"

"ಕೂಗು."

"ಯಾವ ಕೂಗು?"

"ನಿಂದ. ಮುಖ ಕಾಣದವರು ನಡುಹಗಲದಾಗ ಕರದ್ರ ಮೂರು ಸಲ ಕರಿಯೂತನಕ ಮಿಸುಕಬಾರದಲ್ಲಪಾ. ಅವು ಮೂರು ಸಲ ಕರ್ಯಾಂಗಿಲ್ಲ. ಮನುಷ್ಯಾರಷ್ಟ ಕರೀತಾರ."

"ನಾನ ಅಲ್ಲೇನ ತೆಳಗಿದ್ದಾಂವ?"

"ನೀನ ಇದ್ದಿ. ದನಿ ನಿಂದಿದ್ದಿಲ್ಲ. ನೆಲದಾಗಿಂದ ಬಂದಂಗ ಬರತಿತ್ತು."

ಆಗ ಎಲ್ಲ ತಿಳಿಯಿತು. ಅವರು ಮೂರನೆಯ ಕೂಗಿಗೆ ಕಾಯುತ್ತಿದ್ದುದರಿಂದ ನಾನು ತಿರುಪು ಬಿಚ್ಚಿದಾಗ ಅವರ ಕಾಲು ಮೇಲೇಳುತ್ತಿತ್ತು, ಬಿಗಿದಾಗ ಕೆಳಗಿಳಿಯುತ್ತಿತ್ತು. ಹೊರಗೆ ಹೋಗಬೇಕಾದ ಗಾಳಿಯನ್ನು ನಾವಿಬ್ಬರೂ ಸೇರಿ ಮರ್ಯಾದೆಯಿಂದ ಒಳಗೆ ಕರೆದು ಕೂರಿಸುತ್ತಿದ್ದೆವು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ನೀಲತ್ತಿ ಹುಟ್ಟಿದ್ದು ನಮ್ಮಜ್ಜಿಯ ತವರಾದ ಆನೆಗೊಂದಿಯಲ್ಲಿ, ಬೆಳೆದದ್ದೂ ಅಲ್ಲಿಯೇ. ಅವರಿಗೆ ನಾಗಪ್ಪ ಎಂಬ ಅಣ್ಣನಿದ್ದ, ನನಗೆ ದೊಡ್ಡಪ್ಪ ಆಗಬೇಕಾಗಿದ್ದವನು. ಒಂದು ನಡುಹಗಲು ಹೊಳೆಯ ಆಚೆ ದಂಡೆಯಿಂದ ಯಾರೋ "ಹರಗೋಲ ತಗೊಂಡ ಬಾ" ಎಂದು ಕರೆದರಂತೆ. ಒಂದೇ ಸಲ. ನಾಗಪ್ಪ "ಓ, ಬಂದೆ" ಎಂದು ಹುಟ್ಟು ಹಾಕುತ್ತ ಹೋದ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಈಕೆ ತಲೆ ಎತ್ತಿ ನೋಡಿದಳು. ಆಚೆ ದಂಡೆಯಲ್ಲಿ ಬಂಡೆಗಳಿದ್ದವು, ಬಿಸಿಲಿತ್ತು, ಮನುಷ್ಯರಿರಲಿಲ್ಲ. ಹರಿಗೋಲು ನಡುಹೊಳೆಯಲ್ಲಿ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಆಮೇಲೆ ತಿರುಗುತ್ತಿದ್ದ ಹರಿಗೋಲಿನಲ್ಲಿ ಯಾರೂ ಇರಲಿಲ್ಲ. ಇದನ್ನು ಅತ್ತಿ ಹೇಳಿದ್ದು ಅದೊಂದೇ ಸಲ, ಮೋಟಾರಿನಲ್ಲಿ ಕುಳಿತು, ಬ್ರೇಕಿನ ಮೇಲಿಂದ ಕಾಲು ತೆಗೆಯದೆ.

"ಹಂಗಾದ್ರ ನೀನ ಕರಿ ಅತ್ತೀ, ನಾ ಓ ಅಂತೀನಿ" ಎಂದೆ. "ಒತ್ತೀನಿ ಅಂತ ನೀ ಹೇಳಿದ ಮ್ಯಾಲ ನಾ ತಿರುಪು ಬಿಚ್ಚತೀನಿ. ಬಿಗದ ಮ್ಯಾಲ ಆತು ಅಂತೀನಿ. ಅವಾಗ ಕಾಲ ಎತ್ತು."

"ಒಂದ ಕೂಗಿಗೆ ಓ ಅಂತಿಯೇನು?"

"ನಾ ವಕೀಲ. ಯಾರು ಕರದ್ರೂ ಓ ಅಂತೀನಿ."

ಮತ್ತೆ ಮೊದಲಿನಿಂದ ಶುರುಮಾಡಿದೆವು. "ಒತ್ತೀನಿ ತಮ್ಮಾ." "ಓ." "ಆತು." ಏನು ಹೇಳಲಿ, ಮಗ್ಗದ ಲಾಳಿಯಂತೆ ನಡೆಯಿತು ಕೆಲಸ. ಮೊದಲು ಮಸಿಯಂಥ ಹಳೆಯ ಎಣ್ಣೆ, ಆಮೇಲೆ ನೊರೆ, ಆಮೇಲೆ ಗುಳ್ಳೆ, ಕೊನೆಗೆ ಜೇನಿನ ಬಣ್ಣದ ಹೊಸ ಎಣ್ಣೆ. ನಡುನಡುವೆ ಮೇಲಿನ ಡಬ್ಬಿಗೆ ಕಾಸೀಮ ಸಾಹೇಬರ ಸೀಸೆಯಿಂದ ತುಂಬಿಕೊಂಡೆ. ಮೂರು ಗಾಲಿ ಮುಗಿಸಿ ನಾಲ್ಕನೆಯದರ ಕೆಳಗೆ ಹೊಕ್ಕು, ಮಣ್ಣು ಕಟ್ಟಿದ ತಿರುಪನ್ನು ತಡಕುತ್ತಿದ್ದಾಗ ಮೇಲಿನಿಂದ ಬಂತು: "ಒತ್ತೀನಿ."

"ತಮ್ಮಾ" ಇರಲಿಲ್ಲ. ದಣಿದಿದ್ದಾರೆ ಎಂದುಕೊಂಡೆ. "ಓ" ಎಂದೆ. ತಿರುಪು ಬಿಚ್ಚಿದೆ. ಎಣ್ಣೆ ಒಂದೇ ಧಾರೆಯಾಗಿ, ಒಂದೂ ಗುಳ್ಳೆಯಿಲ್ಲದೆ ಬಂತು. ಅಷ್ಟು ಒಂದೇ ಹದದಲ್ಲಿ, ಅಷ್ಟು ತಾಳ್ಮೆಯಿಂದ ಅತ್ತಿ ಅದುವರೆಗೆ ಒತ್ತಿರಲಿಲ್ಲ. ಬಿಗಿದು "ಆತು" ಎಂದೆ. ಹೊರಬಂದು, ಮುಖ ಒರೆಸಿಕೊಂಡು, ನಡೆಸುವವನ ಜಾಗ ನೋಡಿದೆ. ಯಾರೂ ಇರಲಿಲ್ಲ. ಆಚೆಯ ಬಾಗಿಲು ತೆರೆದಿತ್ತು.

ನೀಲತ್ತಿ ಬುತ್ತಿಯ ಗಂಟು ಹಿಡಿದು ಮನೆಯ ಹೊಸ್ತಿಲು ದಾಟಿ ಬರುತ್ತಿದ್ದರು.

"ಕಡೀ ಗಾಲಿ ಭಾಳ ಛಲೋ ಒತ್ತಿದಿ ಅತ್ತೀ."

"ನಾ ಎಲ್ಲಿ ಒತ್ತೀನೋ? ನೀ ತೆಳಗ ಹೊಕ್ಕ ತಿರುಪು ಹುಡುಕಾಕತ್ತಿದ್ದಿ. ಅಷ್ಟರಾಗ ಬುತ್ತಿ ಕಟ್ಟೂಣಂತ ಒಳಗ ಹೋಗಿದ್ದೆ. ಬಾ, ಅದನ್ನೂ ಒತ್ತಿ ಮುಗಸೂಣು."

ನಾನು ಕೈಯಿಂದ ಬ್ರೇಕು ಒತ್ತಿ ನೋಡಿದೆ. ಕಲ್ಲಿನಂತಿತ್ತು. ಅತ್ತಿ ನನ್ನ ಕೈಯನ್ನು ನೋಡಿದರು, ಖಾಲಿ ಜಾಗವನ್ನು ನೋಡಿದರು.

"ನೀ ಓ ಅಂದ್ಯಾ?"

"ಅಂದೆ."

"ಎಷ್ಟನೇ ಕೂಗಿಗೆ?"

ನಾನು ಒಂದು ಬೆರಳೆತ್ತಿದೆ. ಬೇವಿನ ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಅತ್ತಿಯ ಕೈ ಗಂಟಿನ ಮೇಲೆ ಬಿಗಿಯಿತು. ಬಹುಶಃ ಅವರು ಮನಸ್ಸಿನಲ್ಲೇ ಆ ಹೊಳೆಯನ್ನು ನೋಡುತ್ತಿದ್ದರು. ಅದರ ಆಚೆ ದಂಡೆಯಲ್ಲಿ ಈಗ ಗೌರವ್ವ ಇದ್ದಳು. ನಾನು "ಬ್ಯಾಡ, ಬಂಡಿ ಕಟ್ಟಸೂಣು" ಎನ್ನುವುದರೊಳಗೆ ಅವರು ಗಾಡಿಯೊಳಗೆ ಕುಳಿತಾಗಿತ್ತು.

"ಕರದವರು ಯಾರರ ಇರಲಿ, ನನ್ನ ಮಗಳ ಕಡೆ ಹೋಗಾಕ ಕರದಾರ. ನಡಿ."

ದಾರಿಯುದ್ದಕ್ಕೂ ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಬಂಡೆಗುಡ್ಡದ ಇಳಿಜಾರಿನಲ್ಲಿ ನಾನು ಬ್ರೇಕು ಒತ್ತಿದಾಗ ಮಾತ್ರ ಕಣ್ಣು ಮುಚ್ಚಿದರು. ಬ್ರೇಕು ಎದುರು ಒತ್ತಿತು, ನನಗಿಂತ ಸ್ವಲ್ಪ ಗಟ್ಟಿಯಾಗಿಯೇ. ಸಂಜೆಯ ಹೊತ್ತಿಗೆ ಗಂಗಾವತಿಯ ಓಣಿ ಹೊಕ್ಕೆವು. ಒಳಗಿನಿಂದ ಗೌರವ್ವನ ದನಿ ಬಂತು, ಒಂದೇ ಸಲ, ನೂಲಿನಷ್ಟು ಸಣ್ಣಗೆ: "ಯವ್ವಾ." ಅದು ಪೂರ್ತಿ ಆಗುವ ಮೊದಲೇ ನೀಲತ್ತಿ, "ಓ, ಬಂದ್ನಿ ನನ್ನವ್ವಾ" ಎಂದು ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದರು. ಆ ಜ್ವರ ಇಳಿಯಲು ದಿನಗಳು ಹಿಡಿದವು. ಇಳಿಯಿತು. ಗೌರವ್ವ ಈಗ ನನ್ನನ್ನು ಕಂಡಾಗಲೆಲ್ಲ ಬಣವೆಯ ಸುದ್ದಿ ತೆಗೆಯುವಷ್ಟು ಗಟ್ಟಿಯಾಗಿದ್ದಾಳೆ.

ಅತ್ತಿಯನ್ನು ಮಗಳ ಬಳಿ ಬಿಟ್ಟು ಮರುದಿನ ನಾನೊಬ್ಬನೇ ಹಿಂತಿರುಗಿದೆ. ಗುಡ್ಡ ಏರಿ ಆ ಬದಿಗೆ ಇಳಿಯುವಾಗ ಬಿಸಿಲು ನೆತ್ತಿಯ ಮೇಲಿತ್ತು. ನೆರಳಿರಲಿಲ್ಲ. ಔಡಲೆಣ್ಣೆಯ ವಾಸನೆ ಸಣ್ಣಗೆ ಮೇಲೆದ್ದಿತು. ಬ್ರೇಕಿನ ಮೇಲೆ ಕಾಲಿಟ್ಟೆ. ಕಾಣದ ಕಡೆಯಿಂದ ಯಾರೋ ಅಂಗಾಲಿಗೆ ಅಂಗಾಲು ಕೊಟ್ಟಂತಾಯಿತು. ಏನಾದರೂ ಅನ್ನದಿದ್ದರೆ ಸರಿಯಲ್ಲ ಅನ್ನಿಸಿ, ಗಂಟಲು ಸರಿಪಡಿಸಿಕೊಂಡು, "ಸ್ವಲ್ಪ ಹಿಡೀರಿ" ಎಂದೆ.

ಹಿಡಿಯಿತು. ಅಂದಿನಿಂದ ಪ್ರತಿ ಇಳಿಜಾರಿನಲ್ಲೂ ಹಾಗೇ ಹೇಳುತ್ತೇನೆ. ಪಕ್ಕದಲ್ಲಿ ಕುಳಿತವರು ತಮಗೇ ಹೇಳಿದೆನೆಂದು ಬಾಗಿಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಅದೂ ಒಳ್ಳೆಯದೇ. ಗುರುತಿಲ್ಲದವರನ್ನು ಏಕವಚನದಲ್ಲಿ ಮಾತಾಡಿಸುವುದು ನಮ್ಮ ಸೀಮೆಯಲ್ಲಿ ಸಲ್ಲದು. ಒಂದು "ರಿ" ಹೆಚ್ಚಾದರೆ ಯಾರ ಗಂಟೂ ಹೋಗುವುದಿಲ್ಲ. ಕಡಿಮೆಯಾದರೆ ಏನು ಹೋದೀತೆಂದು ಪರೀಕ್ಷೆ ಮಾಡಿ ನೋಡಬಹುದಿತ್ತು. ಆದರೆ ನೆನಪಾದಾಗಲೆಲ್ಲ ನಾನು ಇಳಿಜಾರಿನ ಮೇಲಿರುತ್ತೇನೆ.